ಮೊದಲು ಮನೆಗೆ, ಕೊನೆಗೆ ಶಾಲೆಗೆ

2020ರ ಮಾರ್ಚ್ 8, ಭಾನುವಾರ. ಬೆಂಗಳೂರು ಮತ್ತು ಸುತ್ತಲಿನ ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಮಾರನೇ ದಿನದಿಂದ ರಜೆ ಅಂತ ಆಗಿನ ಶಿಕ್ಷಣ ಸಚಿವ ಸುರೇಶ್ ಕುಮಾರ್ ಪ್ರಕಟಿಸಿದರು. ಆ ಹೊತ್ತಿಗೆ ರಾಜ್ಯದಲ್ಲಿ ಒಂದೇ ಒಂದು ಕೊರೊನಾ ಪ್ರಕರಣವೂ ದೃಢಪಟ್ಟಿರಲಿಲ್ಲ. ಸೋಮವಾರ ಮೊದಲನೆಯದು ಗೊತ್ತಾಯಿತು. ಅಮೆರಿಕದಿಂದ ವಾಪಸ್ ಬಂದಿದ್ದ ಸಾಫ್ಟ್‌ವೇರ್ ಎಂಜಿನಿಯರ್, ನಮ್ಮ ಕಸುಬಿನವರೇ. ಮಂಗಳವಾರದಿಂದ ಐದನೇ ಕ್ಲಾಸಿನವರೆಗೂ ರಜೆ. ಅದೇ ವಾರದ ಕೊನೆಗೆ ಮಾಲ್, ಸಿನಿಮಾ ಹಾಲ್, ಎಲ್ಲಕ್ಕೂ ಬೀಗ.

ಇನ್ನೊಂದು ತಾರೀಕು ನೋಡಿ. 2021ರ ನವೆಂಬರ್ 8. ಅಂಗನವಾಡಿ, ಎಲ್‌ಕೆಜಿ, ಯುಕೆಜಿ ಮತ್ತೆ ತೆರೆದದ್ದು ಅವತ್ತು. ಲೆಕ್ಕ ಹಾಕಿದರೆ ಸರಿಯಾಗಿ ಇಪ್ಪತ್ತು ತಿಂಗಳು. ಎಲ್ಲರಿಗಿಂತ ಮೊದಲು ಮನೆಗೆ ಹೋದವರು ಎಲ್ಲರಿಗಿಂತ ಕೊನೆಗೆ ಶಾಲೆಗೆ ಬಂದರು. ಬಿಇ ಓದುವಾಗ ಡೇಟಾ ಸ್ಟ್ರಕ್ಚರ್ ಕ್ಲಾಸಲ್ಲಿ 'ಸ್ಟ್ಯಾಕ್' ಅಂತ ಒಂದು ಕಲಿತಿದ್ದೆವಲ್ಲ, ಮೊದಲು ಒಳಗೆ ಹಾಕಿದ್ದು ಕೊನೆಗೆ ಹೊರಗೆ ಬರುತ್ತೆ ಅನ್ನೋದು, ಥೇಟ್ ಅದೇ. ಮಾರ್ಚ್ 2020ರಲ್ಲಿ ಯುಕೆಜಿಯಲ್ಲಿದ್ದ ಮಗು ಒಂದನೇ ಕ್ಲಾಸಿನ ಕೋಣೆಯನ್ನು ಕಣ್ಣಲ್ಲೂ ನೋಡದೆ ಎರಡನೇ ಕ್ಲಾಸಿಗೆ ಬಂದು ಕೂತಿತು.

ಕೊರೊನಾ ಬಗ್ಗೆ ಮಾತಾಡೋದಕ್ಕೆ ಈಗ ಯಾರಿಗೂ ಮನಸ್ಸಿಲ್ಲ, ಗೊತ್ತು. ಆದರೆ ಶಾಲೆ ಮುಚ್ಚಿದ್ದು ಸರಿಯೋ ತಪ್ಪೋ ಅನ್ನೋ ಹಳೇ ಜಗಳಕ್ಕೆ ನಾನು ಬರುತ್ತಿಲ್ಲ. ನನ್ನ ಪ್ರಶ್ನೆ ಬೇರೆ. ಮುಚ್ಚುವ, ತೆರೆಯುವ ತೀರ್ಮಾನವನ್ನು ಯಾರು ತಗೊಂಡರು? ಎಷ್ಟು ದೊಡ್ಡ ಜಾಗಕ್ಕೆ ಅಂತ ತಗೊಂಡರು? ಒಂದು ಬೀದಿಯ ಶಾಲೆಯ ಪರವಾಗಿ ಕೇಳುವವರು ಯಾರಾದರೂ ಇದ್ದರಾ? ನಾನು ದಿನಾ ಓಡಾಡುವ ಹಳೇ ಮದ್ರಾಸ್ ರಸ್ತೆಯ ಆಸುಪಾಸಿನ ಬೆಂಗಳೂರನ್ನು ಇಟ್ಟುಕೊಂಡು ಇದನ್ನು ನೋಡೋಣ. ಕೆ.ಆರ್. ಪುರ, ಇಂದಿರಾನಗರ, ಹಲಸೂರು, ಅಲ್ಲಿಂದ ಸ್ವಲ್ಪ ದೂರಕ್ಕೆ ಶಿವಾಜಿನಗರ. ಈ ಕಡೆಗೆ ಪಿಡುಗು ಹೊಸದೇನಲ್ಲ.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಮುಂದಿನ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ಅವಸರವಸರವಾಗಿ ಒಂದು ಕಾಯ್ದೆ ಮಾಡಿತು. ಅದೇ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಕೆಲವೇ ಪುಟಗಳದ್ದು. ರೋಗ ಹರಡುವ ಭಯ ಇದ್ದರೆ ಸರ್ಕಾರ ತನಗೆ ಅಗತ್ಯ ಅನ್ನಿಸಿದ ನಿಯಮ ಮಾಡಬಹುದು, ಮೀರಿದವರಿಗೆ ಶಿಕ್ಷೆ ಕೊಡಬಹುದು, ಇಷ್ಟೇ ಅದರ ಸಾರ. ಜನರನ್ನು ಕೇಳಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕೋವಿಡ್ ನಿಯಮಾವಳಿ ಹೊರಡಿಸಿದ್ದು ಇದೇ ಕಾಯ್ದೆಯ ಅಡಿಯಲ್ಲಿ. ಕೈಯಲ್ಲಿ 2020ರ ಮೊಬೈಲು, ತಲೆ ಮೇಲೆ 1897ರ ಕಾನೂನು.

ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರ ಆಗಸ್ಟ್‌ನಲ್ಲಿ, ರೈಲಿನ ಮೂಲಕ. ಆಗ ಇಲ್ಲಿ ಎರಡು ಊರುಗಳಿದ್ದವು. ಪೇಟೆ ಮೈಸೂರು ಮಹಾರಾಜರ ಸರ್ಕಾರದ ಕೈಯಲ್ಲಿ, ದಂಡು ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿ. 1862ರಿಂದಲೇ ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. ಒಂದೇ ಇಲಿ ಈ ಕಡೆಯಿಂದ ಆ ಕಡೆಗೆ ಓಡಿದರೆ ಅದನ್ನು ಹಿಡಿಯುವ ಸರ್ಕಾರ ಬದಲಾಗುತ್ತಿತ್ತು. ಇವೆರಡೂ ಒಂದಾಗಿ ಬೆಂಗಳೂರು ಕಾರ್ಪೊರೇಷನ್ ಆದದ್ದು 1949ರಲ್ಲಿ.

ಪ್ಲೇಗಿನ ಏಟು ಎಷ್ಟಿತ್ತು ಅನ್ನೋದಕ್ಕೆ ಜನಗಣತಿ ಸಾಕ್ಷಿ. 1891ರಲ್ಲಿ ಎರಡೂ ಕಡೆ ಸೇರಿ ಒಂದು ಲಕ್ಷದ ಎಂಬತ್ತು ಸಾವಿರದಷ್ಟು ಜನ ಇದ್ದರು. 1901ರಲ್ಲಿ ಅದು 1,59,046ಕ್ಕೆ ಇಳಿದಿತ್ತು. ಎಷ್ಟೋ ಜನ ಸತ್ತರು, ಎಷ್ಟೋ ಜನ ಊರು ಬಿಟ್ಟರು. ಬದುಕಿ ಉಳಿದವರು ಪ್ಲೇಗ್ ಮಾರಮ್ಮನಿಗೆ ಗುಡಿ ಕಟ್ಟಿದರು. ಸರ್ಕಾರದವರ ಕ್ರಮಗಳು ಕರುಣೆಯವೇನೂ ಆಗಿರಲಿಲ್ಲ. ಮನೆಗೆ ನುಗ್ಗಿ ತಪಾಸಣೆ, ರೋಗಿಗಳನ್ನು ಎತ್ತಿಕೊಂಡು ಹೋಗಿ ಊರಾಚೆಯ ಕ್ಯಾಂಪಿಗೆ ಹಾಕೋದು, ಮನೆ ಕೆಡವೋದು. ಆ ಕಾಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ.

ಆದರೆ ಪ್ಲೇಗ್ ಇಳಿದ ಮೇಲೆ ಒಂದು ಕೆಲಸ ಆಯಿತು. ಬ್ಲ್ಯಾಕ್‌ಪಲ್ಲಿ ಅಂತ ಕರೆಯುತ್ತಿದ್ದ ಇವತ್ತಿನ ಶಿವಾಜಿನಗರದ ಗಲ್ಲಿಗಳಲ್ಲಿ ಜನ ಒತ್ತೊತ್ತಾಗಿ ಬದುಕುತ್ತಿದ್ದದ್ದೇ ರೋಗಕ್ಕೆ ಅನುಕೂಲವಾಗಿತ್ತು ಅಂತ ದಂಡಿನ ಮುನಿಸಿಪಾಲಿಟಿಗೆ ಮನವರಿಕೆಯಾಯಿತು. ಪಕ್ಕದಲ್ಲೇ ಹೊಸ ಬಡಾವಣೆ ಹಾಕಿದರು. 1906ರಲ್ಲಿ ಶುರುವಾಗಿ 1910ರಲ್ಲಿ ಉದ್ಘಾಟನೆಯಾದ ಅದಕ್ಕೆ ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಹೆಸರಿಟ್ಟರು. ಅದೇ ನೀವು ರಂಜಾನ್ ತಿಂಗಳಲ್ಲಿ ತಿನ್ನೋಕೆ ಹೋಗುವ ಫ್ರೇಜರ್ ಟೌನ್. ಜೆ.ಎಚ್. ಸ್ಟೀಫನ್ಸ್ ಅನ್ನುವ ಎಂಜಿನಿಯರು ಇಲಿ ಹತ್ತದ ಹಾಗೆ ತಳಪಾಯ ಎತ್ತರಿಸಿ, ಗಾಳಿ ಬೆಳಕು ಆಡುವ ಹಾಗೆ ಮನೆ ಕಟ್ಟೋದು ಹೇಗೆ ಅಂತ ಯೋಚನೆ ಮಾಡಿದರು, 1914ರಲ್ಲಿ ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅತ್ತ ಪೇಟೆ ಕಡೆಯವರಿಗೆ ಮಲ್ಲೇಶ್ವರ, ಬಸವನಗುಡಿ ಬಂದವು. ಅಂದರೆ ಆ ಪಿಡುಗು ಊರಿಗೆ ಒಂದು ಪಾಠ ಬಿಟ್ಟುಹೋಯಿತು. ಯಾವ ಗಲ್ಲಿ, ಎಂಥ ಮನೆ, ಎಷ್ಟು ಜನ ಅಂತ ನೋಡದೆ ರೋಗವನ್ನು ಎದುರಿಸೋಕೆ ಆಗಲ್ಲ ಅನ್ನೋ ಪಾಠ.

ಈಗ ಒಂದು ಸಲ ದೂರದ ನ್ಯೂಯಾರ್ಕಿಗೆ ಹೋಗಿ ಬರೋಣ. 1918ರ ಇನ್‌ಫ್ಲುಯೆಂಜಾ ಕಾಲ. ಅದೇ ಜ್ವರ ನಮ್ಮ ಬೆಂಗಳೂರನ್ನೂ ಆಗ ಕಾಡಿತ್ತು. ಅಮೆರಿಕದ ಹೆಚ್ಚಿನ ನಗರಗಳು ಶಾಲೆ ಮುಚ್ಚಿದವು. ಮುಚ್ಚದೆ ಉಳಿದ ದೊಡ್ಡ ನಗರಗಳು ಕೆಲವೇ, ಮುಖ್ಯವಾಗಿ ನ್ಯೂಯಾರ್ಕ್ ಮತ್ತು ಶಿಕಾಗೊ. ನ್ಯೂಯಾರ್ಕಿನ ಆರೋಗ್ಯ ಕಮಿಷನರ್ ರಾಯಲ್ ಕೋಪ್‌ಲ್ಯಾಂಡ್ ಕೊಟ್ಟ ಕಾರಣ ಕೇಳಿ. ಊರಿನಲ್ಲಿ ಸುಮಾರು ಹತ್ತು ಲಕ್ಷ ಶಾಲಾ ಮಕ್ಕಳು, ಅವರಲ್ಲಿ ಏಳೂವರೆ ಲಕ್ಷ ಮಕ್ಕಳು ಇರೋದು ಇಕ್ಕಟ್ಟಿನ ವಠಾರಗಳಲ್ಲಿ. ಅಲ್ಲಿ ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಮಗುವಿಗೆ ಜ್ವರ ಇದೆಯೋ ಇಲ್ಲವೋ ನೋಡುವವರಿಲ್ಲ. ಶಾಲೆಯಲ್ಲಾದರೆ ಗಾಳಿ ಇದೆ, ದಿನಾ ಬೆಳಿಗ್ಗೆ ತಪಾಸಣೆ ಮಾಡುವ ಡಾಕ್ಟರು, ನರ್ಸು ಇದ್ದಾರೆ. ಆದ್ದರಿಂದ ಶಾಲೆ ತೆರೆದೇ ಇರಲಿ ಅಂದರು. ಮಕ್ಕಳ ಆರೋಗ್ಯ ವಿಭಾಗದ ಮುಖ್ಯಸ್ಥೆ ಜೋಸೆಫಿನ್ ಬೇಕರ್ ಕೂಡ ಇದೇ ಪಕ್ಷ. ಆ ತೀರ್ಮಾನಕ್ಕೆ ಎರಡು ಆಧಾರ ಇದ್ದವು. ಒಂದು, ಮಕ್ಕಳ ಮನೆ ಹೇಗಿದೆ ಅಂತ ಗೊತ್ತಿತ್ತು. ಎರಡು, ಶಾಲೆಗೆ ನರ್ಸ್ ಇದ್ದರು. ಕೊರೊನಾ ಬೇರೆ ರೋಗ, ಹಾಗಾಗಿ ಅಲ್ಲಿ ತೆರೆದಿದ್ದರು ಇಲ್ಲೂ ತೆರೆಯಬೇಕಿತ್ತು ಅಂತ ನೇರವಾಗಿ ಹೇಳೋಕಾಗಲ್ಲ. ಅವರು ಕೇಳಿಕೊಂಡ ಪ್ರಶ್ನೆ ಮಾತ್ರ ಗಮನಿಸಿ: ಶಾಲೆ ಮುಚ್ಚಿದರೆ ಈ ಮಗು ಹೋಗೋದು ಎಲ್ಲಿಗೆ?

ಈ ಪ್ರಶ್ನೆಯನ್ನು ಹಳೇ ಮದ್ರಾಸ್ ರಸ್ತೆಗೆ ತಗೊಂಡು ಬನ್ನಿ.

ಇಂದಿರಾನಗರದ ಮಗು ಹೋದದ್ದು ತನ್ನ ರೂಮಿಗೆ. ಲ್ಯಾಪ್‌ಟಾಪ್, ವೈಫೈ, ಪಕ್ಕದ ರೂಮಲ್ಲಿ ಮೀಟಿಂಗಲ್ಲಿರುವ ಅಪ್ಪ. ಆ ಮಗುವಿಗೂ ಕಷ್ಟ ಆಗಿದೆ, ಒಂಟಿತನ ಕಾಡಿದೆ, ಇಲ್ಲ ಅನ್ನಲ್ಲ. ಹಲಸೂರು ಮಾರ್ಕೆಟ್ ಹಿಂದಿನ ಗಲ್ಲಿಯ ಮಗು ಹೋದದ್ದು ಮನೆಯವರೆಲ್ಲ ಇರುವ ಒಂದೇ ಕೋಣೆಗೆ. ಮನೆಗೊಂದೇ ಸ್ಮಾರ್ಟ್‌ಫೋನು, ಅದು ಅಪ್ಪನ ಜೇಬಲ್ಲಿ, ಅಪ್ಪ ಡೆಲಿವರಿಗೆ. ಶಿವಾಜಿನಗರದ ಮಗುವಿಗೆ ಬೀದಿಯೂ ಸಿಗಲಿಲ್ಲ. 2020ರ ಮೇ ತಿಂಗಳಲ್ಲಿ ಚಾಂದನಿ ಚೌಕದ ಸುತ್ತ ಸೋಂಕು ಕಾಣಿಸಿಕೊಂಡಾಗ ಅಲ್ಲಿನ ಬೀದಿಗಳನ್ನೇ ಸೀಲ್‌ಡೌನ್ ಮಾಡಿದ್ದರು. ಇನ್ನು ಕೆ.ಆರ್. ಪುರದಾಚೆ ಅಪಾರ್ಟ್‌ಮೆಂಟ್ ಕಟ್ಟುವವರ ತಗಡಿನ ಶೆಡ್ಡುಗಳ ಮಕ್ಕಳು. ಅಪ್ಪ ಅಮ್ಮ ರಾಯಚೂರಿಗೋ ಒಡಿಶಾಕ್ಕೋ ವಾಪಸ್ ಹೋದಾಗ ಅವರೂ ಹೋದರು, ಕೆಲಸ ಶುರುವಾದಾಗ ಬಂದರು. ಅವರ ಹೆಸರು ಯಾವ ಊರಿನ ಹಾಜರಿ ಪುಸ್ತಕದಲ್ಲಿತ್ತು ಅನ್ನೋದೇ ಒಂದು ಸಂಶೋಧನೆ ಆಗಬೇಕು. ಒಂದೇ ರಸ್ತೆ, ಹತ್ತು ಹನ್ನೆರಡು ಕಿಲೋಮೀಟರು, ನಾಲ್ಕು ಬಗೆಯ ಬಾಲ್ಯ. ಆದೇಶ ಮಾತ್ರ ಒಂದೇ: 'ಬೆಂಗಳೂರು'.

ಆಗ ಏನೇನು ಯಾವಾಗ ತೆರೆಯಿತು ಅನ್ನೋದನ್ನು ಒಂದರ ಕೆಳಗೊಂದು ಬರೆದು ನೋಡಿದರೆ ನಮ್ಮ ಆದ್ಯತೆ ಅರ್ಥವಾಗುತ್ತದೆ. ಮದ್ಯದಂಗಡಿ, 2020ರ ಮೇ 4. ಗುಡಿ, ಮಸೀದಿ, ಚರ್ಚು, ಮಾಲು, ಹೋಟೆಲು, ಜೂನ್ 8. ಬಾರು ಪಬ್ಬುಗಳಲ್ಲಿ ಕೂತು ಕುಡಿಯೋದು, ಸೆಪ್ಟೆಂಬರ್ 1. ಅಂದರೆ ಇಂದಿರಾನಗರದ ಹಂಡ್ರೆಡ್ ಫೀಟ್ ರೋಡಿನ ಪಬ್ಬಿನಲ್ಲಿ ಮತ್ತೆ ಬಿಯರ್ ಸಿಗೋಕೆ ಶುರುವಾಗಿ ಒಂದು ವರ್ಷದ ಮೇಲೆ ಎರಡು ತಿಂಗಳು ಹತ್ತಿರ ಬಂದಾಗ, 2021ರ ಅಕ್ಟೋಬರ್ 25ಕ್ಕೆ, ಒಂದರಿಂದ ಐದನೇ ಕ್ಲಾಸು ತೆರೆಯಿತು. ಪಬ್ಬಿಗೆ ಹೋದವರನ್ನು ಬೈಯೋಕೆ ಹೇಳುತ್ತಿಲ್ಲ. ಪಬ್ಬಿನವರಿಗೆ ಸಂಘ ಇತ್ತು, ತೆರಿಗೆ ಲೆಕ್ಕ ಇತ್ತು, ಸಂಬಳ ಸಿಗದ ಕೆಲಸಗಾರರಿದ್ದರು. ಖಾಸಗಿ ಶಾಲೆಗಳಿಗೂ ಸಂಘ ಇತ್ತು, ಫೀಸಿನ ವಿಷಯಕ್ಕೆ ಪೋಷಕರ ಸಂಘಗಳೂ ಬಾಯಿ ಮಾಡಿದವು. ಆನ್‌ಲೈನ್ ಕ್ಲಾಸಿನ ವಿಷಯವನ್ನೇ ನೋಡಿ. ಐದನೇ ಕ್ಲಾಸಿನವರೆಗೆ ಆನ್‌ಲೈನ್ ಪಾಠ ಬೇಡ ಅಂತ 2020ರ ಜೂನ್‌ನಲ್ಲಿ ಸರ್ಕಾರ ಹೇಳಿತು. ಹೈಕೋರ್ಟಿಗೆ ಅರ್ಜಿ ಹೋಯಿತು, ಜುಲೈ 8ಕ್ಕೆ ತಡೆಯಾಜ್ಞೆ ಬಂತು. ಒಂದು ತಿಂಗಳೊಳಗೆ ಇತ್ಯರ್ಥ. ಫೋನೇ ಇಲ್ಲದ ಮಗುವಿನ ವಿಷಯ ಅಷ್ಟು ಬೇಗ ಯಾವ ಬಾಗಿಲಿಗೂ ಹೋಗಲಿಲ್ಲ.

ಸರ್ಕಾರ ಕೈಕಟ್ಟಿ ಕೂತಿತ್ತು ಅಂದರೆ ಅನ್ಯಾಯವಾಗುತ್ತದೆ. ಪಕ್ಕದ ತಮಿಳುನಾಡು, ತೆಲಂಗಾಣ ಹತ್ತನೇ ಕ್ಲಾಸಿನ ಪರೀಕ್ಷೆಯನ್ನೇ ರದ್ದು ಮಾಡಿದಾಗ ಕರ್ನಾಟಕ ಧೈರ್ಯ ಮಾಡಿ 2020ರ ಜೂನ್ 25ರಿಂದ ಜುಲೈ 4ರವರೆಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಸಿತು. ಲಕ್ಷಾಂತರ ಮಕ್ಕಳು ಮಾಸ್ಕ್ ಹಾಕಿಕೊಂಡು ಬಂದು ಬರೆದರು. ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಶುರುವಾಯಿತು. ಮಕ್ಕಳು ಶಾಲೆಗೆ ಬರೋಕಾಗದಿದ್ದರೆ ಮೇಷ್ಟ್ರೇ ಮಕ್ಕಳಿರುವ ಕಡೆ ಹೋಗಲಿ ಅನ್ನೋ ಯೋಜನೆ.

ವಿದ್ಯಾಗಮವನ್ನು ನಾನು ನಮ್ಮೂರಲ್ಲೇ ನೋಡಿದೆ. ವರ್ಕ್ ಫ್ರಂ ಹೋಮ್ ಅಂತ ತಿಪಟೂರು ಕಡೆಯ ನಮ್ಮ ಹಳ್ಳಿಗೆ ಹೋಗಿ, ಸಿಗ್ನಲ್ ಸಿಗಲಿ ಅಂತ ತೆಂಗಿನ ತೋಟದ ಬದುವಿನ ಮೇಲೆ ಕೂತು ಸ್ಟ್ಯಾಂಡಪ್ ಮೀಟಿಂಗ್ ಮುಗಿಸುತ್ತಿದ್ದ ಕಾಲ. ಮೇಡಂ ಸ್ಕೂಟಿಯಲ್ಲಿ ಬರುತ್ತಿದ್ದರು. ದೇವಸ್ಥಾನದ ಜಗಲಿ ಮೇಲೆ ಹತ್ತು ಹನ್ನೆರಡು ಮಕ್ಕಳು, ಇನ್ನೊಂದು ಗುಂಪು ಅರಳಿಕಟ್ಟೆ ಮೇಲೆ. ಗೋಡೆಗೆ ಒರಗಿಸಿದ ಕರಿಹಲಗೆ. ಮಳೆ ಬಂದರೆ ಯಾರದೋ ಮನೆ ಪಡಸಾಲೆ. ಅಲ್ಲಿ ನಡೆದದ್ದು ಪೂರ್ತಿ ಪಾಠ ಅಂತಲ್ಲ. ಆದರೆ ಮಗುವಿಗೆ ತಾನಿನ್ನೂ ಶಾಲೆಯ ಮಗು ಅನ್ನೋದು ನೆನಪಿತ್ತು, ಮೇಡಮ್ಮಿಗೆ ಯಾವ ಮಗು ಬಂದಿಲ್ಲ ಅನ್ನೋದು ಗೊತ್ತಿತ್ತು. ಬರದಿದ್ದರೆ, 'ಏ, ನಿಮ್ಮಣ್ಣ ಎಲ್ಲೋ?' ಅಂತ ತಮ್ಮನನ್ನು ಕೇಳುತ್ತಿದ್ದರು.

ಇದೇ ಯೋಜನೆ ಬೆಂಗಳೂರಿಗೂ ಇತ್ತು. ಆದರೆ ಶಿವಾಜಿನಗರದಲ್ಲಿ ಜಗಲಿ ಎಲ್ಲಿದೆ? ಹಲಸೂರಿನ ಗಲ್ಲಿಯಲ್ಲಿ ಅರಳಿಕಟ್ಟೆಯ ಸುತ್ತ ನಿಲ್ಲಿಸಿರೋ ಬೈಕುಗಳನ್ನು ಯಾರು ಎತ್ತಬೇಕು? ಹಳ್ಳಿಯ ಜಾಗಕ್ಕೆ ಅಂತ ಯೋಚಿಸಿದ ಯೋಜನೆ ಇಕ್ಕಟ್ಟಿನ ಊರಿಗೆ ಬಂದಾಗ ಅದನ್ನು ಬದಲಾಯಿಸಿ ಹೊಂದಿಸುವ ಕೈ ಬೇಕಿತ್ತು. ಯಾವ ಕಲ್ಯಾಣ ಮಂಟಪ ಖಾಲಿ ಇದೆ, ಯಾವ ಪಾರ್ಕು ಬೆಳಿಗ್ಗೆ ಎರಡು ಗಂಟೆ ಬಿಟ್ಟುಕೊಡಬಹುದು, ಯಾವ ಚರ್ಚಿನ ಅಂಗಳ, ಯಾವ ದರ್ಗಾದ ಪಡಸಾಲೆ ಸಿಗಬಹುದು ಅಂತ ಗೊತ್ತಿರುವವರು ಬೇಕಿತ್ತು. ಅಷ್ಟರಲ್ಲಿ ಕಲಬುರಗಿ ಕಡೆ ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಬಂತು, ಅಕ್ಟೋಬರ್ 10ಕ್ಕೆ ಇಡೀ ರಾಜ್ಯದಲ್ಲಿ ವಿದ್ಯಾಗಮ ನಿಂತಿತು. ಕಲಬುರಗಿಯಲ್ಲಿ ಆದದ್ದಕ್ಕೆ ನಮ್ಮೂರ ಜಗಲಿಯೂ ಖಾಲಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಬಿಬಿಎಂಪಿಯ ಚುನಾಯಿತ ಕೌನ್ಸಿಲ್‌ನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಮಾರನೇ ದಿನ ಆಡಳಿತಾಧಿಕಾರಿ ಬಂದರು. ಚುನಾವಣೆ ನಡೆಯಲೇ ಇಲ್ಲ. ಅಂದರೆ ಶಾಲೆ ತೆರೆಯಬೇಕೋ ಬೇಡವೋ ಅನ್ನೋ ಚರ್ಚೆ ಕಾವೇರಿದ ಆ ಒಂದೂವರೆ ವರ್ಷ ಬೆಂಗಳೂರಿನ 198 ವಾರ್ಡುಗಳಲ್ಲಿ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಕಾರ್ಪೊರೇಟರ್ ಅಂದ ತಕ್ಷಣ ನಿಮಗೆ ಫ್ಲೆಕ್ಸು, ಕಸದ ಗುತ್ತಿಗೆ ನೆನಪಾಗಬಹುದು. ಇರಲಿ. ಆದರೂ ಮನೆ ಬಾಗಿಲಿಗೆ ಹೋಗಿ, 'ಅಣ್ಣಾ, ನಮ್ಮ ಸ್ಕೂಲ್ ಯಾವಾಗ ತೆಗೀತೀರಾ?' ಅಂತ ಕೇಳೋಕೆ ಒಬ್ಬರು ಇರೋದಕ್ಕೂ ಯಾರೂ ಇಲ್ಲದಿರೋದಕ್ಕೂ ವ್ಯತ್ಯಾಸ ಇದೆ.

ಅದೇ ವರ್ಷ ಡಿಸೆಂಬರ್ 22 ಮತ್ತು 27ರಂದು ಹಳ್ಳಿಗಳಲ್ಲಿ ಏನಾಯಿತು ಗೊತ್ತಾ? ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಮತಗಟ್ಟೆ ಎಲ್ಲಿ? ಶಾಲೆಯಲ್ಲಿ. ನಮ್ಮಮ್ಮ ಓಟು ಹಾಕಿ ಬಂದು ಹೇಳಿದ್ದು: 'ಓಟಿಗೆ ಶಾಲೆ ಬಾಗ್ಲು ತೆಗೀತಾರೆ, ಅಕ್ಷರಕ್ಕೆ ಮಾತ್ರ ಬೀಗ.' ಅಮ್ಮನ ಮಾತಲ್ಲಿ ನ್ಯಾಯ ಇತ್ತು. ಆದರೂ ಹಳ್ಳಿಗೆ ಪಂಚಾಯಿತಿಯಾದರೂ ಇತ್ತು. ಆ ನವೆಂಬರ್‌ನಲ್ಲೇ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ 'ಓದುವ ಬೆಳಕು' ಶುರುವಾಗಿತ್ತು. ಶಾಲೆ ಮುಚ್ಚಿದ್ದಾಗ ಪುಸ್ತಕದ ಇನ್ನೊಂದು ಬಾಗಿಲು ತೆರೆದದ್ದು ಪಂಚಾಯಿತಿ ಕಟ್ಟಡದಲ್ಲಿ.

ಈ ಅಂತರದ ಬೇರು ಸಂವಿಧಾನದಲ್ಲೇ ಇದೆ ಅಂದರೆ ನಂಬ್ತೀರಾ? 73 ಮತ್ತು 74ನೇ ತಿದ್ದುಪಡಿ ಅಂತ ನಾವೆಲ್ಲ ಸಿವಿಕ್ಸಲ್ಲಿ ಉರು ಹೊಡೆದಿದ್ದೀವಿ. ಪಂಚಾಯಿತಿಗಳಿಗೆ ಏನೇನು ಕೊಡಬಹುದು ಅಂತ ಹೇಳುವ ಹನ್ನೊಂದನೇ ಅನುಸೂಚಿಯ 17ನೇ ಬಾಬ್ತು ಶಿಕ್ಷಣ, ಪ್ರಾಥಮಿಕ ಮತ್ತು ಪ್ರೌಢಶಾಲೆಗಳೂ ಸೇರಿದ ಹಾಗೆ. ನಗರಗಳ ಹನ್ನೆರಡನೇ ಅನುಸೂಚಿಯಲ್ಲಿ ಶಾಲೆ ಅನ್ನೋ ಪದವನ್ನೇ ಹುಡುಕಿದರೂ ಸಿಗಲ್ಲ. 13ನೇ ಬಾಬ್ತಿನಲ್ಲಿ ಸಾಂಸ್ಕೃತಿಕ, ಶೈಕ್ಷಣಿಕ, ಸೌಂದರ್ಯಪ್ರಜ್ಞೆಯ ವಿಷಯಗಳಿಗೆ ಪ್ರೋತ್ಸಾಹ ಅಂತ ಒಂದು ಸಾಲು, ಅಷ್ಟೇ. ನಗರದವರು ಹೇಗೋ ಓದಿಕೊಳ್ಳುತ್ತಾರೆ ಅಂದುಕೊಂಡರೋ ಏನೋ. ಪಾಲಿಕೆ ತನ್ನದೇ ಶಾಲೆ, ಕಾಲೇಜು ನಡೆಸುತ್ತದೆ, ದಂಡಿನ ಕಡೆ ಕ್ಲೀವ್‌ಲ್ಯಾಂಡ್ ಟೌನಿನಂಥ ಜಾಗಗಳಲ್ಲಿ ಅವು ಈಗಲೂ ಇವೆ. ಆದರೆ ಅವುಗಳ ಬಾಗಿಲು ತೆರೆಯುವ ತೀರ್ಮಾನ ಪಾಲಿಕೆಯದ್ದಲ್ಲ, ವಿಧಾನಸೌಧದ್ದು.

ಇದರ ಪರಿಣಾಮ 2021ರ ಫೆಬ್ರವರಿಯಲ್ಲಿ ಕಣ್ಣಿಗೆ ಕಂಡಿತು. ಜನವರಿ 1ಕ್ಕೆ ಹತ್ತನೇ ಕ್ಲಾಸು ಮತ್ತು ದ್ವಿತೀಯ ಪಿಯು ಶುರುವಾಗಿತ್ತು, ಫೆಬ್ರವರಿ 1ಕ್ಕೆ ಒಂಬತ್ತನೇ ಕ್ಲಾಸು. ಫೆಬ್ರವರಿ 22ರಿಂದ ಆರು, ಏಳು, ಎಂಟನೇ ಕ್ಲಾಸಿಗೂ ಪೂರ್ತಿ ಪಾಠ ಅಂತ ಆಯಿತು. ಆದರೆ ಬೆಂಗಳೂರು ಮತ್ತು ಕೇರಳ ಗಡಿಯ ಭಾಗಗಳಲ್ಲಿ ಎಂಟನೇ ಕ್ಲಾಸಿಗೆ ಮಾತ್ರ. ಬೆಂಗಳೂರಿನ ಆರು, ಏಳನೇ ಕ್ಲಾಸಿನವರು ಕಾಯಬೇಕು. ಏಪ್ರಿಲ್‌ನಲ್ಲಿ ಮತ್ತೆ ಎಲ್ಲ ಮುಚ್ಚಿಹೋಯಿತು. ಎರಡನೇ ಅಲೆ. ಬೆಂಗಳೂರು ಒಂದರಲ್ಲೇ ದಿನಕ್ಕೆ 20 ಸಾವಿರ ದಾಟಿದ ಪ್ರಕರಣ, ಬೆಡ್ಡಿಗಾಗಿ ಫೋನು, ಸ್ಮಶಾನದ ಮುಂದೆ ಆಂಬುಲೆನ್ಸ್ ಸಾಲು. ಆ ಏಪ್ರಿಲ್, ಮೇ ತಿಂಗಳಲ್ಲಿ ಶಾಲೆ ಮುಚ್ಚಿದ್ದನ್ನು ಯಾರೂ ಪ್ರಶ್ನೆ ಮಾಡಲಾರರು. ಪ್ರಶ್ನೆ ಅದಕ್ಕೆ ಮುಂಚಿನ ತಿಂಗಳುಗಳದ್ದು. ಸೋಂಕು ಇಳಿದಿದ್ದ ಆ ಕಿಟಕಿ ಬೆಂಗಳೂರಿನ ಚಿಕ್ಕ ಮಕ್ಕಳಿಗೆ ತೆರೆಯದೇ ಮುಚ್ಚಿಕೊಂಡಿತು.

ಎರಡನೇ ಅಲೆ ಇಳಿದ ಮೇಲೆ ಸರ್ಕಾರದ ಲೆಕ್ಕಾಚಾರ ನಿಧಾನಕ್ಕೆ ಬದಲಾಯಿತು. ಇದನ್ನು ಮೆಚ್ಚಿಕೊಳ್ಳಬೇಕು. ತಜ್ಞರ ಸಮಿತಿಗಳ ಸಲಹೆ ಮೇಲೆ 2021ರ ಆಗಸ್ಟ್ 23ಕ್ಕೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ತೆರೆದಾಗ ಅಳತೆಗೋಲು ಜಿಲ್ಲೆ: ಪರೀಕ್ಷೆ ಮಾಡಿಸಿಕೊಂಡ ನೂರು ಜನರಲ್ಲಿ ಸೋಂಕು ಇಬ್ಬರಿಗಿಂತ ಕಡಿಮೆ ಇದ್ದರೆ ಬಾಗಿಲು ತೆರೆಯಬಹುದು. ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟನೇ ಕ್ಲಾಸು ತೆರೆಯುವಾಗ ಅಳತೆಗೋಲು ತಾಲ್ಲೂಕಿಗೆ ಇಳಿದಿತ್ತು. ಜಾಗ ಚಿಕ್ಕದಾದಷ್ಟೂ ತೀರ್ಮಾನ ಆ ಜಾಗದ ನಿಜಕ್ಕೆ ಹತ್ತಿರ ಬರುತ್ತದೆ ಅನ್ನೋದು ಆಡಳಿತಕ್ಕೆ ಹೊಳೆದಿತ್ತು.

ಆದರೆ 2022ರ ಜನವರಿಯಲ್ಲಿ ಮೂರನೇ ಅಲೆ ಬಂದಾಗ ಏನಾಯಿತು ನೋಡಿ. ಜನವರಿ 6ರಿಂದ ಬೆಂಗಳೂರಿನಲ್ಲಿ ಒಂದರಿಂದ ಒಂಬತ್ತನೇ ಕ್ಲಾಸಿನವರೆಗೆ ಎಲ್ಲ ಶಾಲೆ ಬಂದ್. ಉಳಿದ ಜಿಲ್ಲೆಗಳಲ್ಲಿ ಪರಿಸ್ಥಿತಿ ನೋಡಿಕೊಂಡು ತೀರ್ಮಾನಿಸುವ ಅಧಿಕಾರ ಜಿಲ್ಲಾಧಿಕಾರಿಗಳಿಗೆ. ಕೆಲವು ಕಡೆ ತಾಲ್ಲೂಕು ಮಟ್ಟದಲ್ಲಿ, ಕೆಲವು ಕಡೆ ಸೋಂಕು ಕಂಡ ಶಾಲೆಯನ್ನಷ್ಟೇ ಕೆಲವು ದಿನ ಮುಚ್ಚಿದರು, ಪಕ್ಕದ ಶಾಲೆ ನಡೆಯಿತು. ಬೆಂಗಳೂರು ಮಾತ್ರ ಒಂದೇ ಮುದ್ದೆ. ಯಲಹಂಕದಿಂದ ಆನೇಕಲ್‌ವರೆಗೆ, ಕೆಂಗೇರಿಯಿಂದ ಕೆ.ಆರ್. ಪುರದವರೆಗೆ ಒಂದೇ ಸ್ವಿಚ್ಚು. ಶಾಲೆಗಳು ಮತ್ತೆ ತೆರೆದದ್ದು ಜನವರಿ 31ಕ್ಕೆ. ಆಗ ನಗರದಲ್ಲಿ ಸೋಂಕು ಹೆಚ್ಚಿತ್ತು, ನಿಜ. ಆದರೆ ಒಂದು ಕೋಟಿಗೂ ಹೆಚ್ಚು ಜನರಿರುವ ಊರನ್ನು ಒಂದೇ ಜಾಗ ಅಂತ ಎಣಿಸೋದು, ಅದಕ್ಕಿಂತ ಎಷ್ಟೋ ಚಿಕ್ಕ ತಾಲ್ಲೂಕನ್ನು ಬೇರೆಯಾಗಿ ನೋಡೋದು, ಇದು ಯಾವ ಗಣಿತ? ನಮ್ಮ ಕೆಲಸದಲ್ಲಿ ಒಂದು ಸರ್ವೀಸ್ ಕೆಟ್ಟರೆ ಇಡೀ ಸೈಟನ್ನೇ ಇಳಿಸುವ ವ್ಯವಸ್ಥೆಯನ್ನು ಯಾರಾದರೂ ಡಿಸೈನ್ ಮಾಡಿದರೆ ರಿವ್ಯೂನಲ್ಲೇ ಉಗಿಸಿಕೊಳ್ಳುತ್ತಾರೆ. ಊರಿಗೆ ಅಂಥ ರಿವ್ಯೂ ಮಾಡಬೇಕಾದ ಜಾಗ ಕೌನ್ಸಿಲ್ ಸಭೆ. ಅದು ಇರಲೇ ಇಲ್ಲ.

ಚಿಕ್ಕವರನ್ನು ಕೊನೆಗೆ ಕರೆಯೋದು ಎಲ್ಲ ಕಡೆಯ ನಿಯಮವೇನೂ ಆಗಿರಲಿಲ್ಲ. ಡೆನ್ಮಾರ್ಕ್ 2020ರ ಏಪ್ರಿಲ್ 15ಕ್ಕೇ ಶಾಲೆ ತೆರೆದಾಗ ಮೊದಲು ಕರೆದದ್ದು ಅತಿ ಚಿಕ್ಕ ಮಕ್ಕಳನ್ನು. ಅವರ ವಾದ ಸರಳ: ಚಿಕ್ಕವರಿಗೆ ಅಪಾಯ ಕಡಿಮೆ, ಪರದೆ ನೋಡಿ ಅಕ್ಷರ ಕಲಿಯೋದು ಅವರಿಗೆ ಆಗದ ಮಾತು, ಅವರು ಮನೆಯಲ್ಲಿದ್ದರೆ ಅಪ್ಪ ಅಮ್ಮ ಕೆಲಸಕ್ಕೆ ಹೋಗೋಕಾಗಲ್ಲ. ನಮ್ಮಲ್ಲಿ ಕ್ರಮ ತಿರುಗುಮುರುಗು. ಪರೀಕ್ಷೆ ಬರೆಯಬೇಕಾದವರು ಮೊದಲು, ಅಕ್ಷರ ಕಲಿಯಬೇಕಾದವರು ಕೊನೆಗೆ. ಪಬ್ಲಿಕ್ ಪರೀಕ್ಷೆ ಇರುವ ಕ್ಲಾಸುಗಳಷ್ಟೇ ನಿಜವಾದ ಕ್ಲಾಸುಗಳು ಅನ್ನೋ ನಮ್ಮ ಹಳೇ ನಂಬಿಕೆ ಆ ಆದೇಶಗಳಲ್ಲಿ ಎದ್ದು ಕಾಣುತ್ತದೆ.

ಅದರ ಬೆಲೆ ಏನಾಯಿತು? ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿದರು. ಎರಡರಿಂದ ಆರನೇ ಕ್ಲಾಸಿನ ಮಕ್ಕಳು. ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಕೌಶಲಗಳಲ್ಲಿ ಒಂದನ್ನಾದರೂ ಮರೆತವರು ಶೇ 92. ಗಣಿತದಲ್ಲಿ ಶೇ 82. ಗಮನಿಸಿ, ಇದು ಆ ವರ್ಷ ಕಲಿಯದೇ ಹೋದದ್ದರ ಲೆಕ್ಕ ಅಲ್ಲ. ಕಲಿತಿದ್ದನ್ನೇ ಕಳೆದುಕೊಂಡದ್ದರ ಲೆಕ್ಕ. ಇದಾದ ಮೇಲೂ ಚಿಕ್ಕ ಮಕ್ಕಳು ಇನ್ನೂ ಒಂಬತ್ತು ತಿಂಗಳು ಮನೆಯಲ್ಲೇ ಇದ್ದರು. 2022ರ ಮೇ ತಿಂಗಳಲ್ಲಿ ಸರ್ಕಾರ ಬೇಸಿಗೆ ರಜೆ ಕಡಿತ ಮಾಡಿ 'ಕಲಿಕಾ ಚೇತರಿಕೆ' ಅಂತ ಶುರು ಮಾಡಿತು. ಹೆಸರೇ ಹೇಳುತ್ತದೆ, ಮಕ್ಕಳು ಕಾಯಿಲೆ ಬೀಳದೆಯೇ ಚೇತರಿಸಿಕೊಳ್ಳಬೇಕಾಗಿ ಬಂತು. ಅದರ ಜೊತೆಗೆ ಬಿಸಿಯೂಟ. ಶಾಲೆ ಮುಚ್ಚಿದಾಗ ಅಕ್ಕಿ, ಬೇಳೆ ಮನೆಗೆ ಕೊಟ್ಟರು, ಆದರೆ ಮನೆಯಲ್ಲಿ ಆ ಅಕ್ಕಿ ಹತ್ತು ವರ್ಷದ ಹುಡುಗಿಯೊಬ್ಬಳ ಪಾಲು ಆಗಿ ಉಳಿಯಲ್ಲ, ಎಲ್ಲರ ಪಾಲು ಆಗುತ್ತದೆ. ಶಾಲೆಯ ತಟ್ಟೆ ಮಾತ್ರ ಅವಳದ್ದೇ ಆಗಿತ್ತು.

ಅವತ್ತು ಯುಕೆಜಿಯಲ್ಲಿದ್ದ ಆ ಮಕ್ಕಳು ಇನ್ನೇನು ಹೈಸ್ಕೂಲಿಗೆ ಬರುತ್ತಾರೆ. ಅವರು ಕಳೆದುಕೊಂಡ ಒಂದನೇ ಕ್ಲಾಸನ್ನು ಯಾರೂ ವಾಪಸ್ ಕೊಡೋಕಾಗಲ್ಲ. ಆದರೆ ಊರು ಏನಾದರೂ ಕಲಿತಿದೆಯಾ ಅಂತ ಕೇಳಬಹುದು. ಪ್ಲೇಗ್ ಆದಮೇಲೆ ದಂಡಿನ ಮುನಿಸಿಪಾಲಿಟಿ ಮನೆಯ ತಳಪಾಯ ಎಷ್ಟು ಎತ್ತರ ಇರಬೇಕು ಅಂತ ಕೂತು ಯೋಚಿಸಿತ್ತು. ನಿಮ್ಮ ವಾರ್ಡಿನ ಸರ್ಕಾರಿ ಶಾಲೆಯ ಕೋಣೆಗೆ ಎಷ್ಟು ಕಿಟಕಿ ಇವೆ? ಕೈ ತೊಳೆಯುವ ನಲ್ಲಿಯಲ್ಲಿ ನೀರು ಬರುತ್ತಾ? ಜ್ವರ ಬಂದ ಮಗುವನ್ನು ನೋಡೋಕೆ ನರ್ಸ್ ಯಾರಾದರೂ ಬರ್ತಾರಾ? ಮತ್ತೊಂದು ಪಿಡುಗು ಬಂದರೆ ಆ ಒಂದು ಶಾಲೆಯನ್ನು ತೆರೆದಿಡಬಹುದಾ ಅಂತ ನೋಡಿ ಹೇಳುವ ಅಧಿಕಾರ ಈಗ ಯಾರಿಗಾದರೂ ಇದೆಯಾ?

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಕೆ.ಆರ್. ಪುರ ಪೂರ್ವ ಪಾಲಿಕೆಗೆ, ಶಿವಾಜಿನಗರ ಕೇಂದ್ರ ಪಾಲಿಕೆಗೆ. ಹಳೇ ಮದ್ರಾಸ್ ರಸ್ತೆಯ ಎರಡು ತುದಿಗಳಿಗೆ ಮತ್ತೆ ಎರಡು ಆಡಳಿತ. ಒಂದೇ ಮುದ್ದೆಯಾಗಿದ್ದ ಊರು ಚಿಕ್ಕದಾಗಿದೆ, ಒಳ್ಳೇದೇ. ಆದರೆ ಬೋರ್ಡು ಬದಲಾದರೆ ಸಾಲದು. ವಾರ್ಡಿನಿಂದ ಗೆದ್ದು ಬರುವವರ ಕೈಗೆ ವಾರ್ಡಿನ ಶಾಲೆಯ ಬಗ್ಗೆ ಒಂದು ಮಾತಾದರೂ ಹೇಳುವ ಹಕ್ಕು ಬರಬೇಕು. ಓಟು ಕೇಳೋಕೆ ಅಭ್ಯರ್ಥಿಗಳು ನಿಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬಂದಾಗ ಗುಂಡಿ, ಕಸ, ಪಾರ್ಕಿಂಗ್ ಅಂತ ಕೇಳೇ ಕೇಳ್ತೀರಿ. ಅದರ ಜೊತೆಗೆ, ಈ ವಾರ್ಡಿನಲ್ಲಿ ಸರ್ಕಾರಿ ಶಾಲೆ ಎಷ್ಟಿವೆ, ಅವುಗಳ ಎಸ್‌ಡಿಎಂಸಿಯಲ್ಲಿ ಯಾರ್ಯಾರಿದ್ದಾರೆ ಅಂತ ಒಂದು ಮಾತು ಕೇಳಿ. ಉತ್ತರ ಗೊತ್ತಿದ್ದವರಿಗೆ ಒಂದು ಓಟು ಹಾಕಬಹುದು. ನಿಮ್ಮ ಮಕ್ಕಳು ಆ ಶಾಲೆಗೆ ಹೋಗಲ್ಲ ಅನ್ನೋದು ನನಗೂ ಗೊತ್ತು. ಹೋಗುವ ಮಕ್ಕಳ ಅಪ್ಪ ಅಮ್ಮನ ಮುಂದೆ ಅಭ್ಯರ್ಥಿ ನಿಲ್ಲೋದು ಎರಡು ನಿಮಿಷ, ನಿಮ್ಮ ಗೇಟಿನಲ್ಲಿ ಅರ್ಧ ಗಂಟೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.